ಮಿಲ್ಲಿನ ಶೆಡ್ಡಿನಲ್ಲಿ ಟೈಮಿಂಗ್ ಬೆಲ್ಟ್

ಕಾರಿನ ಟೈಮಿಂಗ್ ಬೆಲ್ಟನ್ನು ನಾನೇ ಬದಲಾಯಿಸುತ್ತೇನೆ ಎಂದು ಹೇಳಿದಾಗ ಮನೆಯಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ಬಹುಶಃ ಅಲ್ಲಿಗೇ ಬಿಟ್ಟುಬಿಡುತ್ತಿದ್ದೆ. ನನ್ನ ಗಂಡ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವರು. ಮಕ್ಕಳ ಉತ್ತರ ಪತ್ರಿಕೆಗಳಿಂದ ತಲೆ ಎತ್ತಿ, "ಎಲ್ಲಿ ಮಾಡ್ತೀಯಾ?" ಎಂದಷ್ಟೇ ಕೇಳಿದರು. ಅದು ಸರಿಯಾದ ಪ್ರಶ್ನೆಯೇ ಆಗಿತ್ತು. ಮಂಡ್ಯದಲ್ಲಿ ನಮ್ಮದು ಬಾಡಿಗೆ ಮನೆ, ಕಾರು ನಿಲ್ಲುವುದು ಬೀದಿಯಲ್ಲಿ. ಎರಡು ದಿನ ಬೀದಿಯಲ್ಲಿ ಎಂಜಿನ್ ಬಿಚ್ಚಿಟ್ಟುಕೊಂಡು ಕೂರಲು ಆಗುವುದಿಲ್ಲ.

"ಕೊಪ್ಪದಲ್ಲಿ. ಅಮ್ಮನ ಮಿಲ್ಲಿನ ಶೆಡ್ಡಿನಲ್ಲಿ," ಎಂದೆ.

ನಾನು ಮಳವಳ್ಳಿಯ ತಾಲೂಕು ಕಚೇರಿಯಲ್ಲಿ ಗುಮಾಸ್ತೆ. ದಿನವೂ ಮಂಡ್ಯದಿಂದ ಓಡಾಡುವುದು ಈ ಹಳೆಯ ಪೆಟ್ರೋಲ್ ಕಾರಿನಲ್ಲೇ. ಹಿಂದಿನ ತಿಂಗಳು ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರ ಕಾರು ಚಿಕ್ಕರಸಿನಕೆರೆಯ ಹತ್ತಿರ ಇದ್ದಕ್ಕಿದ್ದಂತೆ ನಿಂತುಹೋಗಿತ್ತು. ಅವರನ್ನು ನಾನೇ ಮನೆ ತಲುಪಿಸಿದ್ದೆ. ಟೈಮಿಂಗ್ ಬೆಲ್ಟ್ ಹರಿದಿತ್ತು. ಅದು ಎಂಜಿನ್ನಿನ ಪಕ್ಕದಲ್ಲಿ ಮುಚ್ಚಳದೊಳಗೆ ಇರುವ ಒಂದು ಹಲ್ಲಿನ ರಬ್ಬರ್ ಪಟ್ಟಿ. ಕೆಳಗೆ ಪಿಸ್ಟನ್ನುಗಳನ್ನು ಆಡಿಸುವ ಕ್ರ್ಯಾಂಕಿನ ಚಕ್ರ, ಮೇಲೆ ವಾಲ್ವುಗಳನ್ನು ಆಡಿಸುವ ಕ್ಯಾಮಿನ ಚಕ್ರ. ಎರಡೂ ಒಂದೇ ಲೆಕ್ಕದಲ್ಲಿ ತಿರುಗುವಂತೆ ನೋಡಿಕೊಳ್ಳುವುದು ಅದರ ಕೆಲಸ. ಪಿಸ್ಟನ್ ಮೇಲೇರುವ ಹೊತ್ತಿಗೆ ವಾಲ್ವ್ ದಾರಿ ಬಿಟ್ಟಿರಬೇಕು. ಬೆಲ್ಟ್ ಹರಿದರೆ ಲೆಕ್ಕ ತಪ್ಪಿ ಎರಡೂ ಡಿಕ್ಕಿ ಹೊಡೆಯುತ್ತವೆ. ಅವರ ಕಾರಿನಲ್ಲಿ ವಾಲ್ವುಗಳೆಲ್ಲ ಬಾಗಿಹೋಗಿದ್ದವು. ಒಂದು ತಿಂಗಳು ಗ್ಯಾರೇಜಿನಲ್ಲಿ ಬಿದ್ದಿತ್ತು.

ಮನೆಗೆ ಬಂದು ನಮ್ಮ ಕಾರಿನ ಪುಸ್ತಕ ತೆಗೆದು ನೋಡಿದೆ. ಸೆಕೆಂಡ್ ಹ್ಯಾಂಡ್ ಕೊಂಡಿದ್ದು. ಆಮೇಲೆ ಬೆಲ್ಟ್ ಬದಲಾಯಿಸಿದ್ದೇ ಇಲ್ಲ. ಅದೇ ಬೆಲ್ಟಿನಿಂದ ತಿರುಗುವ ವಾಟರ್ ಪಂಪೂ ಸೋರಲು ಶುರುವಾಗಿತ್ತು. ಬೀದಿಯಲ್ಲಿ ಕಾರು ನಿಂತ ಕಡೆ ಹಸಿರು ನೀರಿನ ಕಲೆ ಬೀಳುತ್ತಿತ್ತು.

ಗ್ಯಾರೇಜಿಗೆ ಕೊಡಬಹುದಿತ್ತು. ಕೊಡದೇ ಇದ್ದುದಕ್ಕೆ ಕಾರಣ, ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು. ಇದು ನನ್ನ ಕಚೇರಿಯಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಆಗ ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ವರ್ಕ್‌ಶಾಪಿನ ಮೇಷ್ಟ್ರು ಕೆಟ್ಟವರೇನಲ್ಲ. "ನಿನ್ನ ಅಕ್ಷರ ಚೆನ್ನಾಗಿದೆ, ನೀನು ರೆಕಾರ್ಡ್ ಬರಿಯಮ್ಮ" ಎಂದು ಒಂದು ಸ್ಟೂಲು ಹಾಕಿ ಕೂರಿಸುತ್ತಿದ್ದರು. ಹುಡುಗರು ಎಂಜಿನ್ ಬಿಚ್ಚುತ್ತಿದ್ದರು, ನಾನು ಅವರೆಲ್ಲರ ಪುಸ್ತಕದಲ್ಲಿ ಎಂಜಿನ್ನಿನ ಚಿತ್ರ ಬರೆಯುತ್ತಿದ್ದೆ. ಯಾವ ವಾಲ್ವ್ ಯಾವಾಗ ತೆರೆದು ಯಾವಾಗ ಮುಚ್ಚುತ್ತದೆ ಎಂಬುದನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಆದರೆ ಕೈಯಾರೆ ಒಂದು ಎಂಜಿನ್ನನ್ನೂ ಬಿಚ್ಚಿರಲಿಲ್ಲ. ಆಮೇಲೆ ಸರ್ಕಾರಿ ಕೆಲಸ ಸಿಕ್ಕಿತು, ಪಹಣಿ, ಖಾತೆ ಎಂದು ಕಾಲ ಹೋಯಿತು.

ಎರಡನೇ ಶನಿವಾರ ಬೆಳಿಗ್ಗೆ ಬೆಲ್ಟು, ಅದನ್ನು ಬಿಗಿಯಾಗಿಡುವ ಟೆನ್ಷನರ್, ವಾಟರ್ ಪಂಪು, ಒಂದು ಆಯಿಲ್ ಸೀಲು, ಎಂಜಿನ್ ತಣ್ಣಗಿಡುವ ಹಸಿರು ಕೂಲೆಂಟಿನ ಹೊಸ ಕ್ಯಾನು ಎಲ್ಲವನ್ನೂ ಹಿಂದಿನ ಸೀಟಿನಲ್ಲಿ ಹಾಕಿಕೊಂಡು ಮದ್ದೂರಿನ ಮೇಲೆ, ಅದೇ ತಾಲೂಕಿನ ನಮ್ಮೂರು ಕೊಪ್ಪಕ್ಕೆ ಹೋದೆ.

ಅಮ್ಮ ಅಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ತಮ್ಮನದು ಆರು ಹಸು, ಒಂದಿಷ್ಟು ಕಬ್ಬು. ಮನೆಯ ಮಗ್ಗುಲಲ್ಲೇ ಮಿಲ್ಲಿನ ಶೆಡ್ಡು. ಅಪ್ಪ ಅಮ್ಮ ಇಬ್ಬರೂ ಸೇರಿ ನಡೆಸುತ್ತಿದ್ದ ಹಿಟ್ಟಿನ ಮಿಲ್ಲು ಅದು. ಅಪ್ಪ ಹೋದ ಮೇಲೆ ಸ್ವಲ್ಪ ಕಾಲ ಅಮ್ಮ ಒಬ್ಬಳೇ ನಡೆಸಿ ನಿಲ್ಲಿಸಿದಳು. ಮಿಸೀನು, ಮೋಟಾರು ಎರಡೂ ಹೋಗಿ ಬಹಳ ದಿನವಾಯಿತು. ಈಗ ಅಲ್ಲಿ ಬೂಸಾ ಮೂಟೆಗಳಿವೆ. ಆದರೆ ಗಾರೆ ನೆಲ ಗಟ್ಟಿಯಾಗಿದೆ, ಮಟ್ಟವಾಗಿದೆ. ಜಾಕ್ ಕೊಟ್ಟು ಕಾರು ಎತ್ತಲು ಅಂಥ ನೆಲವೇ ಬೇಕು.

ಕಾರಿನ ಮುಂಭಾಗ ಎತ್ತಿ, ಕೆಳಗೆ ಸ್ಟ್ಯಾಂಡ್ ಕೊಟ್ಟು, ಬಲಗಡೆಯ ಚಕ್ರ ಬಿಚ್ಚಿಟ್ಟಾಗ ತಮ್ಮ ಹಾಲಿನ ಕ್ಯಾನು ಹಿಡಿದುಕೊಂಡು ಬಾಗಿಲಲ್ಲಿ ನಿಂತ.

"ಅಲ್ಲ ಕಣಕ್ಕ, ಮದ್ದೂರಿಂದ ಮೆಕಾನಿಕ್ನ ಕರ್ಸಿದ್ರೆ ಆಗ್ತಿರ್ಲಿಲ್ವಾ?"

"ಆಗ್ತಿತ್ತು," ಎಂದೆ.

"ಮತ್ತೆ?"

"ನಾನೇ ಮಾಡ್ಬೇಕು ಅನ್ನಿಸ್ತು ಕಣೋ."

ಅವನು ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ಸರಿ ಬುಡು. ಡೈರಿಗೆ ಹಾಲಾಕ್ಬುಟ್ಟು ಬತ್ತೀನಿ. ಅಲ್ಲೀಗಂಟ ಕಾರಿನ ಅಡೀಕೆ ತೂರ್ಕಬ್ಯಾಡ," ಎಂದು ಹೋದ.

ಅಮ್ಮ ಬಂದದ್ದು ಆಮೇಲೆ. ಮಿಲ್ಲಿನ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ಅವಳ ಕಿವಿ ಬಹುಪಾಲು ಹೋಗಿದೆ. ನಾವು ಕೂಗಿ ಮಾತಾಡಬೇಕು, ಅವಳೂ ಕೂಗಿಯೇ ಮಾತಾಡುತ್ತಾಳೆ. ಬಂದವಳು ಕಾರನ್ನು ನೋಡಲಿಲ್ಲ, ನನ್ನನ್ನು ನೋಡಿದಳು. "ಮೊದ್ಲು ಆ ದುಪಟ್ಟ ತೆಗ್ದು ಒಳೀಕಿಟ್ಟು ಬಾ. ಬಳೇನೂ ತೆಗಿ," ಎಂದಳು. ತನ್ನ ಸೆರಗನ್ನು ಎಳೆದು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಮಿಲ್ಲಿನ ಬೆಲ್ಟಿನ ಹತ್ತಿರ ಹೋಗುವ ಮುನ್ನ ಹಾಗೆ ಮಾಡುತ್ತಿದ್ದುದು ನನಗೆ ನೆನಪಿದೆ. ಎಪ್ಪತ್ತು ದಾಟಿದ ಮೇಲೂ ಕೈ ಮರೆತಿರಲಿಲ್ಲ. ಬೂಸಾ ಮೂಟೆಯ ಮೇಲೆ ಕೂತು, "ಊಂ, ಬಿಚ್ಚು," ಎಂದಳು.

ಎಲ್ಲಕ್ಕಿಂತ ಕಷ್ಟವಾದದ್ದು ಕ್ರ್ಯಾಂಕಿನ ತುದಿಯ ಒಂದೇ ಒಂದು ಬೋಲ್ಟು. ಅದು ಬಿಚ್ಚದೆ ಒಳಗಿನ ಮುಚ್ಚಳ ಬರುವುದಿಲ್ಲ. ಡೈರಿಯಿಂದ ಬಂದ ತಮ್ಮನನ್ನು ಕಾರಿನೊಳಗೆ ಕೂರಿಸಿ, ಟಾಪ್ ಗೇರಿಗೆ ಹಾಕಿಸಿ, ಬ್ರೇಕ್ ಒತ್ತಿ ಹಿಡಿಯಲು ಹೇಳಿದೆ. ಆಗ ಎಂಜಿನ್ ತಿರುಗದೆ ನಿಲ್ಲುತ್ತದೆ. ಸ್ಪ್ಯಾನರಿಗೆ ಬೋರ್‌ವೆಲ್ಲಿನ ಹಳೆಯ ಪೈಪಿನ ತುಂಡೊಂದನ್ನು ಸಿಕ್ಕಿಸಿ ಎಳೆದೆ. ಬೋಲ್ಟು ಕದಲಲಿಲ್ಲ. ಮತ್ತೆ ಎಳೆದೆ. ಅಂಗೈ ಉರಿಯತೊಡಗಿತು.

"ತೋಳಲ್ಲಿ ಆಗಕಿಲ್ಲ ಕಣವ್ವ," ಎಂದಳು ಅಮ್ಮ. "ಪೈಪಿನ ತುದಿ ಇಡ್ಕಂಡು ಮೈಭಾರ ಬುಡು. ಜೋರಾಗಲ್ಲ, ನಿಧಾನಕ್ಕೆ."

ಎರಡು ಕೈಯಲ್ಲಿ ಪೈಪಿನ ತುದಿ ಹಿಡಿದು, ಮಂಡಿ ಮಡಿಸಿ, ನನ್ನ ಭಾರವನ್ನೆಲ್ಲ ಅದರ ಮೇಲೆ ಬಿಟ್ಟೆ. ಟಕ್ ಎಂದು ಬೋಲ್ಟು ಬಿಟ್ಟುಕೊಂಡಿತು. ನಾನು ಪೈಪಿನ ಜೊತೆಗೇ ಗಾರೆ ನೆಲದ ಮೇಲೆ ಕೂತುಬಿಟ್ಟೆ. ತಮ್ಮ ಗಾಬರಿಯಾಗಿ ಕಿಟಕಿಯಿಂದ ತಲೆ ಹಾಕಿ ನೋಡಿದ. ನಾನು ನಗುತ್ತಿದ್ದೆ. ವರ್ಕ್‌ಶಾಪಿನ ಸ್ಟೂಲಿನ ಮೇಲೆ ಕೂತು ಮೂರು ವರ್ಷ ಕೇಳಿದ್ದ ಶಬ್ದ ಅದು. ಅವತ್ತು ಅದು ನನ್ನ ಕೈಯಿಂದ ಬಂತು.

ಆಮೇಲೆ ಕೆಲಸ ಸುಗಮವಾಗಿ ಸಾಗಿತು. ಎಂಜಿನ್ನಿನ ಕೆಳಗೆ ಹಲಗೆ ಇಟ್ಟು ಇನ್ನೊಂದು ಜಾಕ್ ಕೊಟ್ಟು, ಅದನ್ನು ಹಿಡಿದಿದ್ದ ಮೌಂಟ್ ಬಿಚ್ಚಿ, ಮುಚ್ಚಳ ತೆಗೆದೆ. ಬೆಲ್ಟ್ ಕಾಣಿಸಿತು. ಅದರ ಅಂಚಿನಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳಿದ್ದವು. ಮೇಲಿನ ಚಕ್ರದ ಗುರುತು ಸರಿಯಾದ ಜಾಗಕ್ಕೆ ಬರುವಂತೆ ಎಂಜಿನ್ ತಿರುಗಿಸಿ ನಿಲ್ಲಿಸಿ, ಮೊಬೈಲಿನಲ್ಲಿ ಫೋಟೊ ತೆಗೆದೆ. ಬ್ಯಾಗಿನಲ್ಲಿದ್ದ ಕಚೇರಿಯ ವೈಟ್ನರ್ ತೆಗೆದು ಎರಡು ಚಕ್ರಗಳ ಮೇಲೂ ಬೆಲ್ಟಿನ ಮೇಲೂ ಬಿಳಿ ಗೆರೆ ಎಳೆದುಕೊಂಡೆ. ಹಳೆಯ ಕೂಲೆಂಟನ್ನು ಬೋಗುಣಿಗೆ ಬಸಿದು ಕೂಡಲೇ ಒಂದು ಖಾಲಿ ಆಯಿಲ್ ಕ್ಯಾನಿಗೆ ತುಂಬಿ ಮುಚ್ಚಳ ಹಾಕಿದೆ. ಅದು ಸಿಹಿಯಾಗಿರುತ್ತದೆ, ಕರು ನೆಕ್ಕಿದರೆ ವಿಷ.

ಬಿಚ್ಚಿದ ವಾಟರ್ ಪಂಪನ್ನು ಅಮ್ಮ ಕೈಗೆ ತೆಗೆದುಕೊಂಡು ಬೆರಳಿನಿಂದ ತಿರುಗಿಸಿದಳು. ಕಿವಿ ಕೇಳದವಳು ಅದನ್ನು ಕೆನ್ನೆಯ ಮೂಳೆಗೆ ಒತ್ತಿಕೊಂಡು ಮತ್ತೆ ತಿರುಗಿಸಿದಳು. "ಬೇರಿಂಗ್ ಓಗ್ಬುಟ್ಟದೆ. ಕಲ್ಲು ಕಲ್ಲು ಅಂತದೆ," ಎಂದಳು. ಹೊಸದನ್ನೂ ಹಾಗೆಯೇ ತಿರುಗಿಸಿ ನೋಡಿ, "ಇದು ನೀರಂಗೆ ಓಡ್ತದೆ," ಎಂದು ನನ್ನ ಕೈಗೆ ಕೊಟ್ಟಳು.

ತಪ್ಪಾದದ್ದು ಮಧ್ಯಾಹ್ನ ಊಟವಾದ ಮೇಲೆ. ಕ್ರ್ಯಾಂಕಿನ ಹತ್ತಿರ ಹಳೆಯ ಸೀಲಿನಿಂದ ಆಯಿಲ್ ಸೋರಿ ಮೆತ್ತಿಕೊಂಡಿತ್ತು. ಹೊಸ ಸೀಲು ಕೂರಿಸಿ, ಬಟ್ಟೆಗೆ ಪೆಟ್ರೋಲ್ ಹಾಕಿಕೊಂಡು ಚಕ್ರಗಳನ್ನು ಫಳಫಳ ಹೊಳೆಯುವಂತೆ ಒರೆಸಿದೆ. ಒರೆಸುವಾಗ ಕ್ರ್ಯಾಂಕೂ ಸ್ವಲ್ಪ ತಿರುಗಿತು. ಹೊಸ ಬೆಲ್ಟ್ ಹಾಕಲು ಹೋದಾಗ ನೋಡುತ್ತೇನೆ, ನನ್ನ ಬಿಳಿ ಗೆರೆಗಳು ಇರಲಿಲ್ಲ. ಕೊಳೆಯ ಜೊತೆ ಅವನ್ನೂ ನಾನೇ ಒರೆಸಿಹಾಕಿದ್ದೆ.

ಚಕ್ರದ ಮೇಲೆ ಅಚ್ಚಿನಲ್ಲೇ ಬಂದ ಗುರುತು ಇರುತ್ತದಲ್ಲ ಎಂದು ಧೈರ್ಯ ತಂದುಕೊಂಡೆ. ಮೇಲಿನ ಚಕ್ರದಲ್ಲಿ ಒಂದೇ ಗುರುತಿತ್ತು. ಕೆಳಗಿನ ಚಿಕ್ಕ ಚಕ್ರದಲ್ಲಿ ಎರಡು: ಒಂದು ಚುಕ್ಕೆ, ಒಂದು ಗೀರು. ಆ ಹೊತ್ತಿಗೆ ದಣಿದಿದ್ದೆ. ಚುಕ್ಕೆಯೇ ಇರಬೇಕು ಎಂದುಕೊಂಡು ಬೆಲ್ಟ್ ಹಾಕಿದೆ.

ಹೊಸ ಬೆಲ್ಟ್ ಹಾಕಿದ ಮೇಲೆ ಎಂಜಿನ್ನನ್ನು ಸ್ಟಾರ್ಟ್ ಮಾಡುವಂತಿಲ್ಲ. ಮೊದಲು ಸ್ಪ್ಯಾನರಿನಿಂದ ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಡೆಯುವುದಿಲ್ಲ ಎಂದು ನೋಡಿಕೊಳ್ಳಬೇಕು. ತಿರುಗಿಸುತ್ತಾ ಹೋದೆ. ಅಮ್ಮ ಎದ್ದು ಬಂದು ಎಂಜಿನ್ನಿನ ಮೇಲೆ ಅಂಗೈ ಇಟ್ಟು ನಿಂತಿದ್ದಳು. ಮುಕ್ಕಾಲು ಸುತ್ತಿನಲ್ಲಿ ಸ್ಪ್ಯಾನರ್ ಭಾರವಾಯಿತು. ಹೊಸ ಬೆಲ್ಟಿನ ಬಿಗಿ ಇರಬಹುದು ಎಂದು ಕೊಂಚ ಬಲ ಹಾಕಲು ಕಾಲು ಊರಿದೆ.

"ನಿಲ್ಸು," ಎಂದಳು ಅಮ್ಮ.

ನಿಲ್ಲಿಸಿದೆ.

"ಒಳೀಕೆ ಕಬ್ಣಕ್ಕೆ ಕಬ್ಣ ತಾಗ್ತಾ ಅದೆ. ಬಲ ಮಾಡ್ಬ್ಯಾಡ. ಕೈ ತೆಗಿ."

ಸ್ಪ್ಯಾನರ್ ಕೆಳಗಿಟ್ಟೆ. ಪಿಸ್ಟನ್ ಹೋಗಿ ವಾಲ್ವಿಗೆ ತಾಗಿತ್ತು. ವಾಲ್ವ್ ಬಾಗಿದೆಯೋ ಇಲ್ಲವೋ ಗೊತ್ತಿರಲಿಲ್ಲ. ಸಹೋದ್ಯೋಗಿಯ ಕಾರಿಗೆ ರಸ್ತೆಯಲ್ಲಿ ಆದದ್ದನ್ನು ನನ್ನ ಕಾರಿಗೆ ನಾನೇ ಕೈಯಾರೆ ಮಾಡಿಬಿಟ್ಟೆನೇನೋ ಎನ್ನಿಸಿತು. ಬಿಸಿಲು ಇಳಿದಿತ್ತು, ತಮ್ಮ ಹಾಲು ಕರೆಯಲು ಹೋಗಿದ್ದ. ನಾನು ಅಮ್ಮನ ಪಕ್ಕದ ಮೂಟೆಯ ಮೇಲೆ ಕೂತೆ.

"ನಂಗೆ ಇದು ಬರಲ್ಲ ಕಣಮ್ಮ," ಎಂದೆ. ಅವಳಿಗೆ ಕೇಳಲಿಲ್ಲ. ಕೂಗಿ ಹೇಳಬೇಕಾಯಿತು. "ಅವತ್ತು ಮೋಟಾರ್ ಬೇರಿಂಗಿಗೂ ಹಿಂಗೇ ಮಾಡ್ದೆ."

ಅಪ್ಪ ತೀರಿಕೊಂಡು ಎರಡು ವರ್ಷವಾಗಿದ್ದಾಗಿನ ಮಾತು ಅದು. ಮಿಲ್ಲಿನ ಮೋಟಾರು ಕಿರುಗುಟ್ಟುತ್ತಿದೆ, ಬೇರಿಂಗ್ ಬದಲಾಯಿಸಬೇಕು ಎಂದು ಅಮ್ಮ ಹೇಳಿ ಕಳಿಸಿದ್ದಳು. ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮಳವಳ್ಳಿಯಿಂದ ಬಸ್ಸಿನಲ್ಲಿ, ಹೊಸ ಸ್ಪ್ಯಾನರ್ ಸೆಟ್ ಹಿಡಿದುಕೊಂಡು ಬಂದಿದ್ದೆ. ಅರ್ಧ ದಿನ ಒದ್ದಾಡಿದರೂ ಬೇರಿಂಗ್ ಬರಲಿಲ್ಲ. ಮಾರನೇ ದಿನ ಮದ್ದೂರಿನಿಂದ ಬಂದ ಮಿಸ್ತ್ರಿ ಬಿಚ್ಚಿ ನೋಡಿ, ಬೇರಿಂಗ್ ಕೂರುವ ಮನೆಯೇ ಸೀಳು ಬಿಟ್ಟಿದೆ, ಯಾರೋ ಬಲವಂತ ಮಾಡಿದ್ದಾರೆ ಎಂದ. ಅಲ್ಲಿ ನಾಲ್ಕಾರು ಜನ ಹಿಟ್ಟು ಮಾಡಿಸಲು ಬಂದವರಿದ್ದರು. ಎಲ್ಲರೂ ನನ್ನನ್ನು ನೋಡಿದರು. ಅಮ್ಮ ಏನೂ ಹೇಳಲಿಲ್ಲ. ಆ ಸ್ಪ್ಯಾನರ್ ಸೆಟ್ಟನ್ನು ನಾನು ಆಮೇಲೆ ಯಾರಿಗೋ ಕೊಟ್ಟುಬಿಟ್ಟೆ.

ಅಮ್ಮ ನನ್ನ ಕಡೆ ತಿರುಗಿ ಕೂತಳು.

"ಅದು ನೀ ಮಾಡಿದ್ದಲ್ಲ," ಎಂದಳು.

"ಏನು?"

"ನೀ ಬರೋಕೆ ಮುಂಚೆ ನಾನೇ ಸುತ್ಗೆ ತಕ್ಕಂಡು ಬಡ್ದಿದ್ದೆ. ನಿಮ್ಮಪ್ಪ ಅಂಗೇ ಬಡೀತಿದ್ರು, ಬತ್ತಿತ್ತು. ನಂಗೆ ಬರ್ನಿಲ್ಲ. ಒಂದು ಏಟಿಗೆ ಟಣ್ ಅನ್ನದು ಠಪ್ ಅಂತು. ಅವಾಗ್ಲೇ ಗೊತ್ತಾಯ್ತು ಸೀಳ್ತು ಅಂತ."

"ಮತ್ತೆ ಅವತ್ಯಾಕೆ ಹೇಳ್ಲಿಲ್ಲ?"

"ಎಂಗೇಳದು? ಗಂಡ ಸತ್ಮೇಲೆ ಇವಳ ಕೈಲಿ ಮಿಲ್ ನಡ್ಸಕಾಗಲ್ಲ ಅಂತ ಊರೆಲ್ಲ ಕಾಯ್ತಾ ಕುಂತಿದ್ರು. ನೀನು ಆಫೀಸ್ನೋಳು, ನಿಂಗೇನಾದದು ಅಂದ್ಕಂಡು ಸುಮ್ನಾದೆ." ಸೀರೆಗೆ ಮೆತ್ತಿದ್ದ ಬೂಸಾ ಒದರಿಕೊಂಡು, "ಆಮೇಲೆ ಏಳವ ಅಂದ್ಕಂಡೆ. ಆಮೇಲೆ ಏಳಕ್ಕೆ ನಾಚ್ಕೆ ಆಯ್ತು," ಎಂದಳು.

ಇದನ್ನೆಲ್ಲ ಅವಳು ತನ್ನ ಎಂದಿನ ದೊಡ್ಡ ದನಿಯಲ್ಲೇ ಹೇಳಿದ್ದಳು. ಅಡುಗೆಮನೆಯ ಕಿಟಕಿಯಲ್ಲಿ ತಮ್ಮನ ಹೆಂಡತಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದ್ದಳು. ಕೊಟ್ಟಿಗೆಯಲ್ಲಿ ತಮ್ಮನಿಗೂ ಕೇಳಿರಬೇಕು.

"ಇಪ್ಪತ್ತು ವರ್ಷ ಆಯ್ತಲ್ಲಮ್ಮ," ಎಂದೆ.

"ಊಂ," ಎಂದಳು.

ಎದ್ದು ಹೋಗಿ ನಲ್ಲಿಯ ಕೆಳಗೆ ಸೋಪಿನ ಪುಡಿ ಹಾಕಿಕೊಂಡು ಕೈ ತೊಳೆದೆ. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದೆ. ಸಿಟ್ಟು ಬಂದಿತ್ತು. ಆ ನಾಲ್ಕಾರು ಜನರ ನೋಟ ಇಷ್ಟು ವರ್ಷ ನನ್ನ ಜೊತೆಗಿತ್ತು. ಕಚೇರಿಯ ಫ್ಯಾನು ಕೆಟ್ಟರೂ ನಾನು ಹತ್ತಿರ ಹೋಗದವಳಾಗಿದ್ದೆ. ಅದೇ ಹೊತ್ತಿಗೆ, ಸುತ್ತಿಗೆ ಹಿಡಿದು ಒಬ್ಬಳೇ ಆ ಶೆಡ್ಡಿನಲ್ಲಿ ನಿಂತಿದ್ದ ಅಮ್ಮನೂ ಕಣ್ಣ ಮುಂದೆ ಬರುತ್ತಿದ್ದಳು. ಆಗ ಅವಳಿಗೆ ಹೆಚ್ಚುಕಡಿಮೆ ನನ್ನ ಈಗಿನ ವಯಸ್ಸು. ಆ ಶನಿವಾರ ಸಂಜೆ ಮುದ್ದೆ, ಸೊಪ್ಪಿನ ಸಾರು ಉಂಡು, ಹೆಚ್ಚು ಮಾತಿಲ್ಲದೆ ಬೇಗ ಮಲಗಿದೆ. ಚೆನ್ನಾಗಿಯೇ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಕಾಫಿ ಕುಡಿಯುತ್ತಾ ಮೊಬೈಲಿನ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಹಿಂದಿನ ದಿನ ಬೆಳಿಗ್ಗೆ ತೆಗೆದದ್ದು. ಅದರಲ್ಲಿ ನನ್ನ ಬಿಳಿ ಗೆರೆ ಸ್ಪಷ್ಟವಾಗಿತ್ತು. ಅದು ಇದ್ದದ್ದು ಚುಕ್ಕೆಯ ಮೇಲಲ್ಲ, ಗೀರಿನ ಮೇಲೆ. ಅಷ್ಟೇ ವಿಷಯ. ಫೋಟೊ ತೆಗೆದದ್ದೇ ಸಂಜೆಯ ಸುಸ್ತಿನಲ್ಲಿ ಮರೆತುಹೋಗಿತ್ತು. ಹಳೆಯ ಬೆಲ್ಟನ್ನು ನಾನು ಪೆಟ್ರೋಲಿನಲ್ಲಿ ಒರೆಸಿರಲಿಲ್ಲವಾದ್ದರಿಂದ ಅದರ ಮೇಲೆ ಎರಡು ಗೆರೆಗಳೂ ಉಳಿದಿದ್ದವು. ಅವುಗಳ ನಡುವೆ ಎಷ್ಟು ಹಲ್ಲಿವೆ ಎಂದು ಎಣಿಸಿಕೊಂಡರೆ ಹೊಸ ಬೆಲ್ಟನ್ನು ತಾಳೆ ನೋಡಬಹುದು.

ಹಳೆಯ ಬೆಲ್ಟನ್ನು ಅಮ್ಮನ ಕೈಗೆ ಕೊಟ್ಟು, "ಈ ಗೆರೆಯಿಂದ ಆ ಗೆರೆವರೆಗೂ ಹಲ್ಲು ಎಣಿಸಮ್ಮ," ಎಂದು ಕೂಗಿದೆ. ಅವಳು ಕನ್ನಡಕ ಹಾಕಿಕೊಂಡು ಹೆಬ್ಬೆರಳಿನಿಂದ ಒಂದೊಂದೇ ಹಲ್ಲು ಒತ್ತುತ್ತಾ ಶುರು ಮಾಡಿದಳು. "ಲಾಭ... ಎರ್ಡು... ಮೂರು..." ಮಿಲ್ಲಿನಲ್ಲಿ ಸೇರಿನಿಂದ ರಾಗಿ ಅಳೆಯುವಾಗ ಅವಳು ಒಂದು ಎಂದು ಹೇಳಿದ್ದೇ ಇಲ್ಲ, ಮೊದಲನೆಯದು ಯಾವಾಗಲೂ ಲಾಭ. ಮೂವತ್ತೆಂಟಕ್ಕೆ ಬಂದು ನಿಂತಳು.

"ಲಾಭಾನೂ ಸೇರಿ ಮೂವತ್ತೆಂಟಾ?" ಎಂದು ತಮ್ಮ ಕೇಳಿದ.

"ಲಾಭ ಬುಟ್ಬುಟ್ಟು ಯಾವನ್ಲಾ ಎಣಿಸ್ತಾನೆ?" ಎಂದಳು.

ನಾನೂ ಎಣಿಸಿದೆ. ಮೂವತ್ತೆಂಟೇ.

ಹೊಸ ಬೆಲ್ಟ್ ಸಡಿಲಿಸಿ ತೆಗೆದೆ. ಕ್ರ್ಯಾಂಕನ್ನು ಕಾಲು ಸುತ್ತು ಹಿಂದಕ್ಕೆ ತಂದರೆ ಪಿಸ್ಟನ್ನುಗಳೆಲ್ಲ ನಡುವಿನಲ್ಲಿ ನಿಲ್ಲುತ್ತವೆ, ಆಗ ಕ್ಯಾಮನ್ನು ತಿರುಗಿಸಿದರೂ ಏನೂ ತಾಗುವುದಿಲ್ಲ. ಇದು ನಾನು ಹುಡುಗರ ರೆಕಾರ್ಡಿನಲ್ಲಿ ಎಷ್ಟೋ ಸಲ ಬರೆದ ಚಿತ್ರ. ಮೇಲಿನ ಗುರುತು ಕೂಡಿಸಿ, ಕೆಳಗೆ ಗೀರು ಕೂಡಿಸಿ, ಬೆಲ್ಟ್ ಹಾಕಿದೆ. ಹಲ್ಲು ಎಣಿಸಿದೆ. ಟೆನ್ಷನರ್ ಬಿಟ್ಟೆ. ಅದರ ಸ್ಪ್ರಿಂಗು ಬೆಲ್ಟನ್ನು ತಾನೇ ಎಳೆದುಕೊಂಡಿತು. ಅಮ್ಮ ಎರಡು ಬೆರಳಲ್ಲಿ ಬೆಲ್ಟನ್ನು ತಿರುಚಿ, "ಒಸಿ ಸಡ್ಲ," ಎಂದಳು. ಮಿಲ್ಲಿನ ಬೆಲ್ಟಾಗಿದ್ದರೆ ಸಡಿಲವೇ. ಇದಕ್ಕೆ ಇಷ್ಟೇ ಇರಬೇಕು ಎಂದು ವಿವರಿಸಿದೆ. "ಜಾರಿದ್ರೆ ರಾಳ ಆಕ್ಬೇಕಾಯ್ತದೆ," ಎಂದಳು. ಮಿಲ್ಲಿನ ಚಪ್ಪಟೆ ಬೆಲ್ಟ್ ಜಾರತೊಡಗಿದರೆ ಅದಕ್ಕೆ ರಾಳದ ಪುಡಿ ಉದುರಿಸುತ್ತಿದ್ದರು. "ಇದಕ್ಕೆ ಹಲ್ಲಿದೆಯಲ್ಲಮ್ಮ, ಜಾರಲ್ಲ," ಎಂದೆ. ಅದನ್ನು ಒಪ್ಪಿಕೊಂಡಳು.

ಮತ್ತೆ ಸ್ಪ್ಯಾನರ್ ಹಾಕಿದೆ. ಅಮ್ಮ ಅಂಗೈ ಇಟ್ಟಳು. ಕಾಲು ಸುತ್ತು, ಅರ್ಧ, ಮುಕ್ಕಾಲು. ಹಿಂದಿನ ದಿನ ತಡೆದ ಜಾಗ ಬಂದಾಗ ನಾನೇ ನಿಲ್ಲಿಸಿ ಅವಳ ಮುಖ ನೋಡಿದೆ. "ಓಗು," ಎಂದಳು. ಎರಡು ಸುತ್ತು ಪೂರ್ತಿ ತಿರುಗಿತು. ಗುರುತುಗಳು ಮತ್ತೆ ತಮ್ಮ ತಮ್ಮ ಜಾಗಕ್ಕೆ ಬಂದು ನಿಂತವು.

ಎಲ್ಲ ಮುಚ್ಚಿ, ಮೌಂಟ್ ಕಟ್ಟಿ, ಬೋಲ್ಟು ಬಿಗಿದು, ಕೂಲೆಂಟ್ ತುಂಬುವ ಹೊತ್ತಿಗೆ ಮಧ್ಯಾಹ್ನ ಮೂರು ದಾಟಿತ್ತು. ಕೀ ತಿರುಗಿಸಿದೆ. ಮೊದಲ ಸಲ ಹತ್ತಲಿಲ್ಲ. ಎರಡನೇ ಸಲ ಹತ್ತಿತು. ವಾಲ್ವ್ ಬಾಗಿದ್ದರೆ ಎಂಜಿನ್ ಕುಂಟುತ್ತದೆ. ಕುಂಟಲಿಲ್ಲ. ಆದರೆ ಕೀಚ್ ಎಂದು ಸಣ್ಣ ಸದ್ದು ಬರುತ್ತಿತ್ತು. ಅಮ್ಮನಿಗೆ ಅದು ಕೇಳಲಿಲ್ಲ, ತಮ್ಮ ಬಗ್ಗಿ ಹುಡುಕಿ ತೋರಿಸಿದ. ಹೊರಗಿನ ಫ್ಯಾನ್ ಬೆಲ್ಟು ಸಡಿಲವಿತ್ತು. ಬಿಗಿ ಮಾಡಿದ ಮೇಲೆ ನಿಂತಿತು.

ಅಮ್ಮ ಕೈ ತೊಳೆದುಕೊಂಡು ಬಂದು ಕೇಳದೆಯೇ ಮುಂದಿನ ಸೀಟಿನಲ್ಲಿ ಕೂತಳು. ಮದ್ದೂರಿನವರೆಗೂ ಹೋಗಿ ತಿರುಗಿ ಬಂದೆವು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಧಾನಕ್ಕೆ ಓಡಿಸಿದೆ. ದಾರಿಯಲ್ಲಿ ಒಂದು ಕಡೆ ಅವಳು ಹೇಳಿದಳು, "ಅವತ್ತು ಏಳ್ಬೇಕಾಗಿತ್ತು ಕಣವ್ವ."

"ಹೇಳ್ಬೇಕಾಗಿತ್ತು," ಎಂದೆ. ಅವಳಿಗೆ ಕೇಳಿಸಿತೋ ಇಲ್ಲವೋ, ತಲೆಯಾಡಿಸಿದಳು. ಸಿಟ್ಟು ಪೂರ್ತಿ ಹೋಗಿರಲಿಲ್ಲ. ಆದರೆ ಅದರ ಬಗ್ಗೆ ಇನ್ನೇನೂ ಹೇಳುವುದು ಬೇಕೆನ್ನಿಸಲಿಲ್ಲ.

ಸೋಮವಾರ ಎಂದಿನಂತೆ ಮಳವಳ್ಳಿಗೆ ಹೋದೆ. ಉಗುರಿನ ಸಂದಿಯಲ್ಲಿ ಕಪ್ಪು ಇನ್ನೂ ಉಳಿದಿತ್ತು. ಬೆಲ್ಟ್ ಹರಿದು ಕಷ್ಟಪಟ್ಟಿದ್ದ ಸಹೋದ್ಯೋಗಿ ಕೈ ನೋಡಿ ಏನಾಯಿತು ಎಂದು ಕೇಳಿದರು. ಹೇಳಿದೆ. ಚುಕ್ಕೆ, ಗೀರಿನ ತಪ್ಪನ್ನೂ ಸೇರಿಸಿಯೇ ಹೇಳಿದೆ.

ಎರಡು ತಿಂಗಳಾದ ಮೇಲೆ ಒಂದು ದಿನ ತಮ್ಮನ ಹೆಂಡತಿ ಫೋನ್ ಮಾಡಿದಳು. "ಅಕ್ಕ, ಹುಲ್ಲು ಕತ್ರಿಸೋ ಮಿಸೀನು ಒಂಥರಾ ಸದ್ದು ಮಾಡ್ತದೆ. ಇವ್ರು ಮಂಡ್ಯಕ್ಕೆ ತಕ್ಕೊಂಡೋಯ್ತೀನಿ ಅಂತಾವ್ರೆ. ನೀವು ಬಂದು ಒಂದ್ಸಲ ನೋಡ್ತೀರಾ? ನಂಗೂ ಬಿಚ್ಚೋದು ಕಲೀಬೇಕು."

ಭಾನುವಾರ ಬರುತ್ತೇನೆ, ಕರೆಂಟ್ ತೆಗೆದು ಇಟ್ಟಿರು ಎಂದೆ. ಹೋಗುವಾಗ ಮಂಡ್ಯದ ಪೇಟೆಯಲ್ಲಿ ಸುತ್ತಿಗೆಯಿಂದ ಬಡಿಯದೆ ಬೇರಿಂಗ್ ಹೊರಗೆಳೆಯುವ ಪುಲ್ಲರ್ ಒಂದನ್ನು ಕೊಂಡುಕೊಂಡೆ. ಅಂಗಡಿಯವನು ಯಾರಿಗೆ ಎಂದು ಕೇಳಿದ. ನನಗೇ ಎಂದೆ.